ನಾಲ್ಕು ಟವೆಲ್ಲಿನ ಹೊತ್ತು

ಆ ಬೀದಿಯವರ ಬಾಯಲ್ಲಿ ಅವನು ಟವೆಲಣ್ಣ. ಹೆತ್ತವರು ಇಟ್ಟ ಹೆಸರು ಇರಲಿಲ್ಲವೆಂದಲ್ಲ. ಅದು ತಿಂಗಳಿಗೊಮ್ಮೆ ಕರೆಂಟ್ ಬಿಲ್ಲಿನ ಮೇಲೆ ಮುಖ ತೋರಿಸಿ ಹೋಗುತ್ತಿತ್ತು, ಅಷ್ಟೇ. ಒಂದೇ ಕುರ್ಚಿಯ ಸಲೂನು, ಗೋಡೆಯಗಲದ ಕನ್ನಡಿ, ಕಾಯುವವರಿಗೊಂದು ಮರದ ಬೆಂಚು, ಮೂಲೆಯ ಸ್ಟೌವಿನ ಮೇಲೆ ಸದಾ ಹಬೆಯಾಡುವ ಒಂದು ಪಾತ್ರೆ ನೀರು. ಕುರ್ಚಿ ಅವನ ಅಪ್ಪನ ಕಾಲದ್ದು. ಎರಡು ತಲೆಮಾರಿನ ಗಿರಾಕಿಗಳ ಮೊಣಕೈ ಉಜ್ಜಿ ಉಜ್ಜಿ ಅದರ ತೋಳುಗಳ ಬಣ್ಣ ಎಂದೋ ಹೋಗಿತ್ತು.

ಹೆಗಲ ಮೇಲೆ ಯಾವಾಗಲೂ ಒಂದು ಬಿಳಿ ಟವೆಲ್ ಇರುತ್ತಿತ್ತು, ನಿಜ. ಆದರೆ ಹೆಸರು ಬಂದದ್ದು ಅದರಿಂದಲ್ಲ. ತಿಂಗಳಲ್ಲಿ ಒಂದೆರಡು ಸಲ, ಯಾವನೋ ಅದೃಷ್ಟವಂತ ಗಡ್ಡ ಮಾಡಿಸಲು ಕುರ್ಚಿಗೆ ಒರಗಿದಾಗ, ಇವನು ಕತ್ತಿಯನ್ನು ಪಕ್ಕಕ್ಕಿಟ್ಟು ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಅವನ ಮುಖದ ಮೇಲೆ ಹಾಸುತ್ತಿದ್ದ. ಅದು ಆರಿದರೆ ಇನ್ನೊಂದು. ಅದೂ ಆರಿದರೆ ಮತ್ತೊಂದು. ನಾಲ್ಕನೆಯದು ಮುಗಿಯುವ ಹೊತ್ತಿಗೆ ಗಿರಾಕಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಎದ್ದವನು ಬೀದಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಹೋಗುತ್ತಿದ್ದ. ಮಾರನೆಯ ದಿನ ಇನ್ನೊಬ್ಬ ಬಂದು, "ನನಗೂ ಆ ದೊಡ್ಡ ಸೇವೆ ಮಾಡಪ್ಪಾ" ಎಂದು ಕೂರುತ್ತಿದ್ದ.

"ಅದು ಕೇಳಿದ್ರೆ ಸಿಗಲ್ಲ ಸ್ವಾಮಿ. ಅದಾಗೇ ಬರ್ಬೇಕು," ಎನ್ನುತ್ತಿದ್ದ ಟವೆಲಣ್ಣ.

ಅಂಗಡಿ ತುಂಬ ನಗು. ಜನಕ್ಕೇನು, ಕಣ್ಣೆದುರಿಗೆ ಇಟ್ಟ ನಿಜವನ್ನು ತಮಾಷೆ ಎಂದುಕೊಳ್ಳುವುದು ಅವರಿಗೆ ಅಭ್ಯಾಸ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅದು ಬರುತ್ತಿದ್ದುದು ಹೀಗೆ. ಕನ್ನಡಿಯಲ್ಲಿ ಗಿರಾಕಿಯ ಮುಖ ನೋಡುತ್ತಿದ್ದಂತೆ ಅವನ ಮೂಗಿನ ಪಕ್ಕ ಒಂದು ಚುಕ್ಕೆಯಷ್ಟು ಜಾಗ ಮಾಯವಾಗುತ್ತಿತ್ತು. ಉರಿಯುವ ಬಲ್ಬನ್ನು ದಿಟ್ಟಿಸಿ ನೋಡಿ ಆಮೇಲೆ ಬೇರೆಡೆ ನೋಡಿದರೆ ಆಗುತ್ತದಲ್ಲ, ಹಾಗೆ. ಆ ಚುಕ್ಕೆಯ ಅಂಚಿನಿಂದ ಗರಗಸದ ಹಲ್ಲಿನಂಥ ಬೆಳಕಿನ ಗೆರೆಯೊಂದು ಮಿಣಮಿಣ ಎನ್ನುತ್ತ ಹೊರಡುತ್ತಿತ್ತು. ನಿಧಾನಕ್ಕೆ ಬೆಳೆದು, ಕುಡುಗೋಲಿನಂತೆ ಬಾಗಿ, ಎಡಕ್ಕೆ ಎಡಕ್ಕೆ ಸರಿದು, ಕೊನೆಗೆ ಕಣ್ಣಂಚಿನಿಂದ ಆಚೆಗೆ ಜಾರಿಹೋಗುತ್ತಿತ್ತು. ಅದರ ಒಳಗಡೆ ಕತ್ತಲೆಯೂ ಇರುತ್ತಿರಲಿಲ್ಲ, ಬೆಳಕೂ ಇರುತ್ತಿರಲಿಲ್ಲ, ಏನೂ ಇರುತ್ತಿರಲಿಲ್ಲ. ಅರ್ಧ ಮುಖದ ಗಿರಾಕಿ, ಹಿಂದೆ ನಿಂತ ಅರ್ಧ ಮುಖದ ತಾನು. ಕಣ್ಣು ಮುಚ್ಚಿದರೂ ಅದು ಬಿಡುತ್ತಿರಲಿಲ್ಲ, ರೆಪ್ಪೆಯ ಒಳಗೂ ಉರಿಯುತ್ತಿತ್ತು. ಅದು ಹೋದ ಮೇಲೆ ತಲೆಯ ಒಂದು ಪಕ್ಕಕ್ಕೆ ನೋವು ಬಂದು ಕೂರುತ್ತಿತ್ತು.

ಮೊದಲ ಸಲ ಬಂದಾಗ ಅವನಿಗೆ ಇನ್ನೂ ಮೀಸೆ ಬಲಿತಿರಲಿಲ್ಲ. ಅಪ್ಪನ ಪಕ್ಕ ನಿಂತು ಕೆಲಸ ಕಲಿಯುತ್ತಿದ್ದ. ಕೈಯಲ್ಲಿ ತೆರೆದ ಕತ್ತಿ, ಎದುರಿಗೆ ಗಿರಾಕಿಯ ಕುತ್ತಿಗೆ. "ಅಪ್ಪಾ, ಇವರ ಮುಖ ಕಾಣ್ತಿಲ್ಲ" ಎಂದು ಪಿಸುಗುಟ್ಟಿದ. ಅಪ್ಪ ಗಾಬರಿಯಾಗಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ. ಕತ್ತಿ ತೆಗೆದುಕೊಂಡ, ಒಂದು ಟವೆಲ್ ಹಿಂಡಿ ಗಿರಾಕಿಯ ಮುಖಕ್ಕೆ ಹಾಸಿದ, ಮಗನನ್ನು ಸ್ಟೌವಿನ ಹಿಂದಕ್ಕೆ ಎಳೆದುಕೊಂಡು ಹೋದ.

"ಟವೆಲ್ ಹಾಕು, ಕಾಯ್ತಾ ಇರು. ಆರಿದ್ರೆ ಇನ್ನೊಂದು ಹಾಕು. ಅದು ತಾನಾಗೇ ಹೋಗುತ್ತೆ. ಆದ್ರೆ ಹೊರಗೆ ಬಾಯಿ ಬಿಟ್ಟೀಯ, ಜೋಕೆ! ಕಣ್ಣು ಕೈಕೊಡೋ ಕ್ಷೌರಿಕನಿಗೆ ಯಾವನೋ ಕುತ್ತಿಗೆ ಕೊಡ್ತಾನೆ?"

ಹುಡುಗ ಬಾಯಿ ಬಿಡಲಿಲ್ಲ. ಹುಡುಗ ಹೋಗಿ ಗಂಡಸಾದ, ಅಪ್ಪ ಹೋಗಿ ಫೋಟೋ ಆದ, ಆದರೂ ಬಾಯಿ ಬಿಡಲಿಲ್ಲ. ಗುಟ್ಟು ಇಟ್ಟುಕೊಂಡವನಿಗೆ ಒಂದು ತೊಂದರೆ ಉಂಟು: ಯಾರೂ ತೀರಾ ಹತ್ತಿರ ಬರದಂತೆ ನೋಡಿಕೊಳ್ಳಬೇಕು. ಸಂಬಂಧ ಹುಡುಕಿಕೊಂಡು ಬಂದವರನ್ನು ಅವನು ನಯವಾಗಿ ಸಾಗಹಾಕಿದ. ಗೆಳೆಯರು ಊಟಕ್ಕೆ ಕರೆದರೆ ಕೆಲಸವಿದೆ ಎಂದ. ಕರೆಯುವವರು ಎಷ್ಟು ದಿನ ಕರೆದಾರು? ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಊಟ ಮಾಡುವಾಗ ಎದುರಿಗೆ ಗೋಡೆ. ಹಗಲೆಲ್ಲ ಊರವರ ತಲೆ ಮುಟ್ಟುವ ಆ ಕೈಗಳನ್ನು ಮುಟ್ಟುವವರು ಯಾರೂ ಇರಲಿಲ್ಲ. ಅವನಿಗೆ ಅದು ಗೊತ್ತಿತ್ತು, ನೋವಾಗುತ್ತಿತ್ತು. ಯಾರ ಹತ್ತಿರ ಹೇಳುವುದು?

ಅಂಗಡಿಗೆ ರಜೆಯ ಒಂದು ಮಂಗಳವಾರ ಕೋಣೆಯಲ್ಲಿ ಒಬ್ಬನೇ ಇದ್ದಾಗ ಬೆಳಕು ಬಂತು. ಅದರ ಜೊತೆ ಹೊಸದೊಂದು ಬಂತು. ಬಲಗೈ ಬೆರಳುಗಳು ಜುಮುಗುಟ್ಟಿದವು, ಆ ಜೋಮು ತೋಳಿನಗುಂಟ ಏರಿ ತುಟಿಗೆ ತಲುಪಿತು. "ಅಯ್ಯೋ" ಎನ್ನಹೋದರೆ ಬಾಯಿಂದ ಬೇರೆ ಏನೋ ಬಂತು. ಏನು ಹೇಳಬೇಕೆಂದು ತಲೆಗೆ ಗೊತ್ತು, ಮಾತು ಮಾತ್ರ ಕೈಗೆ ಸಿಗುತ್ತಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಸರಿಹೋದರೂ ಅವನು ಆ ದಿನವೇ ಊರಿನ ಇನ್ನೊಂದು ಕೊನೆಯ ಡಾಕ್ಟರ ಹತ್ತಿರ ಹೋದ. ಹತ್ತಿರದ ಡಾಕ್ಟರು ಅವನ ಗಿರಾಕಿ.

ಡಾಕ್ಟರಮ್ಮ ಒಳ್ಳೆಯವರು. ಪರೀಕ್ಷೆ ಬರೆದುಕೊಟ್ಟರು, ತಲೆಯ ಚಿತ್ರ ತೆಗೆಸಿದರು, ಎಲ್ಲ ನೋಡಿ ಸಮಾಧಾನವಾಗಿ ಹೇಳಿದರು. "ಇದು ಮೈಗ್ರೇನು. ನೋವಿಗೆ ಮುಂಚೆ ಬರೋ ಈ ಬೆಳಕಿಗೆ, ಜುಮುಗುಟ್ಟೋದಕ್ಕೆ, ಮಾತು ತಡವರಿಸೋದಕ್ಕೆ ಔರಾ ಅಂತಾರೆ. ಸಾಮಾನ್ಯವಾಗಿ ಒಂದೊಂದೂ ಐದು ನಿಮಿಷಕ್ಕಿಂತ ಹೆಚ್ಚು, ಒಂದು ಗಂಟೆಗಿಂತ ಕಡಿಮೆ ಇರುತ್ತೆ. ಒಂದಾದ ಮೇಲೆ ಒಂದು ಬಂದ್ರೆ ಒಟ್ಟು ಹೊತ್ತು ಜಾಸ್ತಿ ಆಗಬಹುದು. ನಿಧಾನಕ್ಕೆ ಹರಡಿ, ನಿಧಾನಕ್ಕೆ ಹೋಗುತ್ತೆ. ಒಂದು ಗಂಟೆ ದಾಟಿದ್ರೂ ಹೋಗಲಿಲ್ಲ ಅಂದ್ರೆ, ಅಥವಾ ತಟ್ಟಂತ ಕೈಕಾಲು ಸೋತ್ರೆ, ಯಾವತ್ತಿನ ಹಾಗಿಲ್ಲ ಅನ್ನಿಸಿದ್ರೆ, ಕಾಯೋ ಹಾಗಿಲ್ಲ, ನೇರ ಆಸ್ಪತ್ರೆ. ನಿಮ್ಮದು ಎಷ್ಟು ಹೊತ್ತು ಇರುತ್ತೆ?"

"ನಾಲ್ಕು ಟವೆಲ್ಲು," ಎಂದುಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡು, "ಅರ್ಧ ಗಂಟೆ ಇರಬಹುದು ಮೇಡಂ," ಎಂದ.

"ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

"ಇಲ್ಲ."

"ಈಗ ಮನೇಲಿ ಯಾರ್ಯಾರಿದ್ದಾರೆ?"

"ಯಾರೂ ಇಲ್ಲ."

"ಹಾಗಾದ್ರೆ ಹತ್ತಿರದವರು ಒಬ್ಬರಿಗಾದ್ರೂ ಹೇಳಿಡಿ. ಮಾತು ನಿಂತಾಗ ನಿಮ್ಮ ಪರವಾಗಿ ಮಾತಾಡೋರು ಒಬ್ಬರು ಬೇಕು."

ಹೊರಗೆ ಬಂದು ಅರ್ಧ ದಾರಿ ನಡೆದವನು ರಸ್ತೆಯ ಪಕ್ಕದಲ್ಲೇ ನಿಂತುಬಿಟ್ಟ. ಮನೆಯಲ್ಲಿ ಯಾರಿಗೂ ಇರಲಿಲ್ಲವೇ? ಹಾಗಿದ್ದರೆ ಅಪ್ಪನಿಗೆ ಟವೆಲ್ ಹಾಕುವುದು ಹೇಗೆ ಗೊತ್ತಿತ್ತು? ಅದು ತಾನಾಗೇ ಹೋಗುತ್ತದೆಂದು ಯಾರು ಹೇಳಿದ್ದರು? ಅಪ್ಪನೂ ಕೆಲವು ದಿನ ಗಿರಾಕಿಯ ಮುಖಕ್ಕೆ ಟವೆಲ್ ಹಾಸಿ, ಸ್ಟೌವಿನ ಕಡೆ ತಿರುಗಿ ಸುಮ್ಮನೆ ನಿಂತಿರುತ್ತಿದ್ದುದು ಕಣ್ಣ ಮುಂದೆ ಬಂತು. ಒಂದೇ ಅಂಗಡಿ, ಒಂದೇ ಕನ್ನಡಿ. ಅದರ ಮುಂದೆ ಅಪ್ಪ ಮಗ ವರ್ಷಾನುಗಟ್ಟಲೆ ನಿಂತು ಒಂದೇ ಬೆಳಕನ್ನು ನೋಡಿದ್ದರು, ಒಬ್ಬರಿಗೊಬ್ಬರು ಹೇಳದೆ. ಅವನಿಗೆ ಅಪ್ಪನ ಮೇಲೆ ಬಂದಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಫೋಟೋದ ಮೇಲೆ ಸಿಟ್ಟು ಮಾಡಿ ಏನು ಮಾಡುವುದು? ಮನೆಗೆ ಹೋಗಿ ಅದರ ಧೂಳು ಒರೆಸಿದ.

ಹತ್ತಿರದವರು ಎಂದರೆ ಅವನಿಗೆ ಒಬ್ಬಳೇ ನೆನಪಾದದ್ದು. ತಿರುವಿನಲ್ಲಿ ಲಾಂಡ್ರಿ ಇಟ್ಟುಕೊಂಡಿದ್ದವಳು.

ಗಂಡ ಚಿಕ್ಕ ವಯಸ್ಸಿಗೇ ತೀರಿಕೊಂಡ ಮೇಲೆ ಆಕೆ ಒಬ್ಬಳೇ ಆ ಅಂಗಡಿ ನಡೆಸುತ್ತಿದ್ದಳು. ಮುಂಗೈ ಮೇಲೆ ಇಸ್ತ್ರಿ ಪೆಟ್ಟಿಗೆ ಸುಟ್ಟ ಕಲೆ, ನೇರ ನಡಿಗೆ, ಅದಕ್ಕಿಂತ ನೇರ ಮಾತು. ಸಂಜೆ ಅವನು ಟವೆಲ್ ಗಂಟು ಕೊಟ್ಟುಬರುತ್ತಿದ್ದ, ಬೆಳಿಗ್ಗೆ ಆಕೆ ಮಡಿಸಿ ತಂದು ಬೆಂಚಿನ ಮೇಲಿಡುತ್ತಿದ್ದಳು. ಆಗ ನಾಲ್ಕು ಮಾತು. ನೀರು ಬಂತಾ, ಕರೆಂಟ್ ಹೋಯ್ತಾ, ರಾತ್ರಿ ನಿದ್ದೆ ಆಯ್ತಾ. ದಿನವೆಲ್ಲ ಊರ ರಾಜಕೀಯ ಕೇಳುವ ಅವನ ಕಿವಿಗೆ ಅದೊಂದೇ ತನಗಾಗಿ ಆಡಿದ ಮಾತು. ಬೀದಿಗೆ ಬೀದಿಯೇ ಅವನನ್ನು ಅಣ್ಣ ಎನ್ನುತ್ತಿದ್ದರೂ ಆಕೆ ಒಂದು ದಿನವೂ ಅಣ್ಣ ಎನ್ನಲಿಲ್ಲ. "ಏನ್ರೀ" ಎನ್ನುತ್ತಿದ್ದಳು. ಇದನ್ನು ಅವನು ಗಮನಿಸಿದ್ದ. ಬೀದಿಯೂ ಗಮನಿಸಿತ್ತು.

ಆದರೆ ಟವೆಲ್ ದಿನದ ಮಾರನೆಯ ಬೆಳಿಗ್ಗೆ ಮಾತ್ರ ಆಕೆ ಗಂಟನ್ನು ಬೆಂಚಿನ ಮೇಲೆ ಕುಕ್ಕಿ, ಮಾತಾಡದೆ ಹೊರಟುಬಿಡುತ್ತಿದ್ದಳು. ನಮ್ಮ ಟವೆಲಣ್ಣನ ಬುದ್ಧಿಗೆ ಹೊಳೆದದ್ದು ಇಷ್ಟೇ: ಒಗೆಯುವುದು ಹೆಚ್ಚಾಯಿತು, ಅದಕ್ಕೇ ಕೋಪ. ಮುಂದಿನ ಸಲ ಗಂಟಿನ ಜೊತೆ ಒಗೆಯುವ ಸೋಪಿನ ದೊಡ್ಡ ಪೊಟ್ಟಣವೊಂದನ್ನು ಕೊಂಡುಕೊಟ್ಟ. ಆಕೆಯ ಮುಖ ಇನ್ನಷ್ಟು ಬಿಗಿಯಾಯಿತು. ಹೆಣ್ಣಿಗೆ ಸೋಪು ಕೊಡುವುದರಲ್ಲೂ ಸೋತವನು ಅವನೊಬ್ಬನೇ ಇರಬೇಕು.

ಟವೆಲ್ ದಿನ ಅವನು ಆ ಗಿರಾಕಿಯನ್ನು ಮುಗಿಸಿ ಕಳಿಸಿ ಒಳಗಿನಿಂದ ಶಟರ್ ಎಳೆದುಬಿಡುತ್ತಿದ್ದ. ನೋವು ಏರಿದ ಮೇಲೆ ಬೆಳಕು ಬೇಡ, ಸದ್ದು ಬೇಡ, ಹೇರ್ ಆಯಿಲ್ಲಿನ ವಾಸನೆ ಸಹ ಬೇಡ. ಕತ್ತಲಲ್ಲಿ ಬೆಂಚಿನ ಮೇಲೆ ಮೊಣಕಾಲು ಮಡಿಸಿ ಮಲಗಿರುತ್ತಿದ್ದ. ಒಂದು ಮಧ್ಯಾಹ್ನ ಯಾರೋ ಮೆಲ್ಲಗೆ ಶಟರ್ ತಟ್ಟಿದರು. ಸ್ವಲ್ಪ ಬಿಟ್ಟು ಇನ್ನೊಮ್ಮೆ ತಟ್ಟಿದರು. ಅವನು ಉಸಿರು ಬಿಗಿಹಿಡಿದ. ಯಾವನೋ ಗಿರಾಕಿ, ಈ ಅವತಾರ ನೋಡಿದರೆ ಕಥೆ ಮುಗಿಯಿತು ಎಂದುಕೊಂಡ. ತಟ್ಟಿದವರು ಹೋದರು. ಆಮೇಲೆ ಆ ಸದ್ದು ಮತ್ತೆಂದೂ ಬರಲಿಲ್ಲ.

ಲಾಂಡ್ರಿ ಇದ್ದ ಕಟ್ಟಡ ಮಾರಾಟವಾಯಿತು. ತಂಗಿ ತನ್ನೂರಿಗೆ ಬಾ ಎಂದು ಕರೆದಿದ್ದಾಳೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ ಎಂದು ಆಕೆ ಒಂದು ಬೆಳಿಗ್ಗೆ ಹೇಳಿದಳು. ಹೇಳಿ ತುಸು ಹೊತ್ತು ನಿಂತಳು. ಟವೆಲಣ್ಣ, "ಹೌದಾ," ಎಂದ. ಹೌದಾ! ಅಷ್ಟು ವರ್ಷ ನಾಲಿಗೆಯನ್ನು ಕಟ್ಟಿಟ್ಟವನಿಗೆ ಬೇಕಾದಾಗ ಅದು ಬಿಚ್ಚಿಕೊಳ್ಳಬೇಕಲ್ಲ.

ಆದರೆ ಆ ವಾರವೆಲ್ಲ ಅವನು ಕನ್ನಡಿಯ ಮುಂದೆ ತಾಲೀಮು ಮಾಡಿದ. "ಹೋಗಬೇಡಿ. ನನಗೊಂದು ಕಾಯಿಲೆ ಇದೆ, ಯಾರಿಗೂ ಹೇಳಿಲ್ಲ, ನಿಮಗೆ ಹೇಳ್ತೀನಿ. ಕೇಳಿದ ಮೇಲೂ ಇರಬಹುದು ಅನ್ನಿಸಿದ್ರೆ ಇರಿ." ಹೇಳಿದರೆ ಗುಟ್ಟು ಬೀದಿಗೆ ಬಂದು ಅಂಗಡಿ ಹೋಗಬಹುದು. ಹೇಳದಿದ್ದರೆ ಆಕೆ ಹೋಗುತ್ತಾಳೆ. ಅಂಗಡಿ ಹೋದರೂ ಹೋಗಲಿ ಎಂದು ಶುಕ್ರವಾರ ರಾತ್ರಿ ನಿಶ್ಚಯಿಸಿಕೊಂಡ.

ಶನಿವಾರ ಮಧ್ಯಾಹ್ನ ಕುರ್ಚಿಯಲ್ಲಿ ರಿಟೈರ್ ಆದ ಡ್ರಿಲ್ ಮೇಷ್ಟ್ರು. ಕತ್ತಿಯನ್ನು ಇನ್ನೂ ತೆರೆದಿರಲಿಲ್ಲ. ಕನ್ನಡಿಯಲ್ಲಿ ತಿರುವಿನ ಕಡೆ ನೋಡಿದ: ಆಕೆ ಬರುತ್ತಿದ್ದಳು, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಟವೆಲ್ ಗಂಟು. ನೋಡುತ್ತಿದ್ದಂತೆ ಗಂಟು ಹಿಡಿದ ಕೈ ಮಾಯವಾಯಿತು.

ಇವತ್ತು ಬೇಡ, ಇವತ್ತು ಬೇಡ ಎಂದು ಮನಸ್ಸು ಕೂಗಿತು. ಗರಗಸದ ಹಲ್ಲು ಆಗಲೇ ಮಿನುಗತೊಡಗಿತ್ತು. ಮೇಷ್ಟ್ರ ಮುಖಕ್ಕೆ ಬಿಸಿ ಟವೆಲ್ ಹಾಸಿದ. "ಆಹಾ! ಇವತ್ತು ನನ್ನ ಪಾಳಿ," ಎಂದರು ಮೇಷ್ಟ್ರು ಒಳಗಿನಿಂದ. ಅಷ್ಟರಲ್ಲಿ ಬಲಗೈ ಬೆರಳುಗಳು ಜುಮುಗುಟ್ಟಿದವು. ಆಕೆ ಒಳಗೆ ಕಾಲಿಡುವ ಹೊತ್ತಿಗೆ ಜೋಮು ತುಟಿ ಮುಟ್ಟಿತ್ತು.

"ತಗೊಳ್ಳಿ, ಇದೇ ಕೊನೇದು," ಎಂದು ಆಕೆ ಗಂಟನ್ನು ಬೆಂಚಿನ ಮೇಲಿಟ್ಟಳು.

ಅವನು ಬಾಯಿ ತೆರೆದ. ವಾರವಿಡೀ ಕಲಿತ ಮಾತಿನ ಬದಲು "ಬಾಗ್... ಸಾಬು..." ಎಂದೇನೋ ಬಂತು. ಬಾಯಿ ಮುಚ್ಚಿಕೊಂಡ.

ಆಕೆ ಕಾದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ನೀವು ಹೇಳಲ್ಲ ಅಂತ ಗೊತ್ತಿತ್ತು. ನಾನೇ ಕೇಳ್ಬಿಡ್ತೀನಿ, ಇನ್ನೇನು ನಾಚಿಕೆ. ಒಗೆಯೋಳಿಗೆ ಎಲ್ಲಾ ಗೊತ್ತಾಗುತ್ತೆ ರೀ. ಯಾವತ್ತು ಗಂಟಲ್ಲಿ ಟವೆಲ್ ಜಾಸ್ತಿ ಇರುತ್ತೋ, ಆವತ್ತು ನಿಮಗೆ ಏನೋ ಖುಷಿ. ಗಿರಾಕಿನ ಮುದ್ದು ಮಾಡಿ ಕಳಿಸ್ತೀರ, ಮಧ್ಯಾಹ್ನಕ್ಕೇ ಶಟರ್ ಎಳೀತೀರ, ಮಾರನೇ ದಿನ ಕಣ್ಣು ಗುಳಿ ಬಿದ್ದಿರುತ್ತೆ. ಒಂದು ಸಲ ನಾನು ಬಂದು ಶಟರ್ ತಟ್ಟಿದೆ, ಊಟ ತಂದಿದ್ದೆ. ನೀವಿರಲಿಲ್ಲ. ಆವತ್ತೆಲ್ಲಾ ಯಾರ ಮನೆಗೆ ಹೋಗ್ತೀರ? ಯಾರೂ ಇಲ್ಲ ಅಂತ ಒಂದು ಮಾತು ಹೇಳಿ, ಸಾಕು. ಈ ಸೂಟ್‌ಕೇಸ್ ಇಲ್ಲೇ ಇಳಿಸ್ತೀನಿ."

ಆ ಶಟರ್ ತಟ್ಟಿದ್ದು ಆಕೆ! ಅರ್ಧ ಮುಖದ ಆಕೆ ಕಾಯುತ್ತಿದ್ದಾಳೆ, ಇರುವ ಒಂದು ಕಣ್ಣಲ್ಲಿ ನೀರು ಕಾಣುತ್ತಿದೆ. ತಲೆಯನ್ನಾದರೂ ಅಲ್ಲಾಡಿಸಬಹುದಿತ್ತು. ಅದೂ ಹೊಳೆಯದೆ ಮಾತನ್ನೇ ಹುಡುಕಿದ. ಮಾತು ಎಲ್ಲೂ ಇರಲಿಲ್ಲ.

"ಹೇಳ್ಬಿಡಯ್ಯಾ, ಏನ್ ಯೋಚ್ನೆ!" ಎಂದು ಟವೆಲ್ ಕೆಳಗಿನಿಂದ ಮೇಷ್ಟ್ರು ಮೈದಾನದ ದನಿಯಲ್ಲಿ ಗದರಿದರು.

ಕೇಳಿಸಿಕೊಂಡವರು ಇನ್ನೊಬ್ಬರಿದ್ದಾರೆಂದು ತಿಳಿದು ಆಕೆಯ ಮುಖ ಕೆಂಪಾಯಿತು. "ಸರಿ. ಉತ್ತರ ಸಿಕ್ತು. ಆರೋಗ್ಯ ನೋಡ್ಕೊಳ್ಳಿ," ಎಂದಳು. ಹೊರಟೇಬಿಟ್ಟಳು.

ಅರ್ಧ ಗಂಟೆ. ಅಷ್ಟು ಕಾದರೆ ಮಾತು ಬರುತ್ತದೆ, ಅದು ಅವನಿಗೆ ಗೊತ್ತು. ಬಸ್ಸಿಗೆ ಗೊತ್ತಿಲ್ಲವಲ್ಲ. ಬೀದಿಯ ಕೊನೆಯಲ್ಲಿ ಅದರ ಹಾರನ್ ಆಗಲೇ ಕೇಳುತ್ತಿತ್ತು. ಜೀವಮಾನವೆಲ್ಲ ಟವೆಲ್ ಹಾಕಿ ಕಾದ ಮನುಷ್ಯ ಆ ಒಂದು ದಿನ ಕಾಯಲಿಲ್ಲ. ಸ್ಟೌ ಆರಿಸಿದ. ಮೇಷ್ಟ್ರನ್ನು ಕುರ್ಚಿಯಲ್ಲಿ, ಅಂಗಡಿಯನ್ನು ತೆರೆದ ಹಾಗೇ ಬಿಟ್ಟು, ಹೆಗಲ ಮೇಲಿನ ಟವೆಲ್ ಸಮೇತ ಕಾಲಿಗೆ ಬುದ್ಧಿ ಹೇಳಿದ. ಎಡಗಡೆಯ ಅರ್ಧ ಬೀದಿ ಕಾಣುತ್ತಿರಲಿಲ್ಲ. ಯಾರಿಗೋ ಡಿಕ್ಕಿ ಹೊಡೆದ, ಯಾರೋ ಬೈದರು. ಹೊರಟ ಬಸ್ಸಿನ ಬಾಗಿಲಿನ ಕಂಬಿ ಹಿಡಿದು ಹತ್ತಿಬಿಟ್ಟ.

ಆಕೆಯ ಪಕ್ಕದ ಸೀಟು ಖಾಲಿ ಇತ್ತು. ಕುಳಿತ.

"ಇದೇನ್ರೀ ಇದು! ಎಲ್ಲಿಗೆ?"

ಅವನು ಬಾಯಿಯ ಕಡೆ ಕೈ ತೋರಿಸಿದ, ಬರುತ್ತಿಲ್ಲ ಎಂದು ಕೈಯಾಡಿಸಿದ. ಆಕೆಗೆ ಅರ್ಥವಾಗಲಿಲ್ಲ. ಕಂಡಕ್ಟರ್ ಬಂದು "ಎಲ್ಲಿಗೆ ಯಜಮಾನ್ರೇ?" ಎಂದ.

"ಇವರಿಗೆ ಮುಂದಿನ ಸ್ಟಾಪಿಗೆ ಕೊಡಿ, ಇಳೀತಾರೆ," ಎಂದಳು ಆಕೆ.

ಮುಂದಿನ ಸ್ಟಾಪು ಬಂತು. ಅವನು ಇಳಿಯಲಿಲ್ಲ. ಕಂಡಕ್ಟರ್ ಆಕೆಯ ಮುಖ ನೋಡಿದ. ಆಕೆ ಅದರ ಮುಂದಿನ ಸ್ಟಾಪಿಗೆ ಕೊಡಿಸಿದಳು. ಅಲ್ಲೂ ಇಳಿಯಲಿಲ್ಲ. ಮತ್ತೆ ಅದರ ಮುಂದಿನದಕ್ಕೆ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಟವೆಲ್ ಹಿಂಡಿ ಹಾಸಿದ. ಇದು ಆರಿತು, ಇನ್ನೊಂದು. ಬೆಳಕಿನ ಗೆರೆ ನಿಧಾನಕ್ಕೆ ಎಡಕ್ಕೆ ಸರಿಯುತ್ತಿತ್ತು. ಮಾತು ಈ ಸಲ ಬರದೇ ಹೋದರೆ? ಡಾಕ್ಟರಮ್ಮ ಹೇಳಿದ ಗಂಟೆ ದಾಟಿದರೆ? ಆಕೆಗಾದರೂ ಗೊತ್ತಿದ್ದರೆ ಆಸ್ಪತ್ರೆಯ ಮುಂದೆ ಇಳಿಸುತ್ತಿದ್ದಳು. ಯಾರಿಗೂ ಹೇಳದ ಮನುಷ್ಯ ತುಂಬಿದ ಬಸ್ಸಿನಲ್ಲೂ ಎಷ್ಟು ಒಬ್ಬಂಟಿ ಎಂಬುದು ಅವನಿಗೆ ಆಗ ತಿಳಿಯಿತು. ಭಯವಾಗಿ, ಎದುರು ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಆಕೆ ಅವನನ್ನೇ ನೋಡುತ್ತಿದ್ದಳು. ನಗು ಬರಿಸುವ ಮುಖವಾಗಿರಲಿಲ್ಲ ಅದು. ಬಣ್ಣ ಹೋಗಿತ್ತು, ತುಟಿ ಒಣಗಿತ್ತು. "ಮೈಗೆ ಹುಷಾರಿಲ್ವಾ?" ಎಂದು ಕೇಳಿದಳು, ಬೇರೆಯೇ ದನಿಯಲ್ಲಿ.

ಗೆರೆಯ ಕೊನೆಯ ಹಲ್ಲು ಕಣ್ಣಂಚಿನಲ್ಲಿ ಮಿನುಗಿ ಹೋಯಿತು. ಕಿಟಕಿ ತುಂಬಿತು, ರಸ್ತೆ ತುಂಬಿತು, ಆಕೆಯ ಮುಖ ಇಡಿಯಾಗಿ ಬಂತು. ತಲೆಯ ಬಲಪಕ್ಕದಲ್ಲಿ ನೋವಿನ ಮೊದಲ ಗುದ್ದು ಬಿತ್ತು. ಆ ನೋವನ್ನು ಅವನು ಅಷ್ಟು ಪ್ರೀತಿಯಿಂದ ಬರಮಾಡಿಕೊಂಡದ್ದು ಅದೇ ಮೊದಲು.

"ಎಲ್ಲಿಗೂ..." ಎಂದ. ಮಾತು ತೊದಲಿತು. ಮತ್ತೆ ಹೇಳಿದ. "ಎಲ್ಲಿಗೂ ಹೋಗ್ತಿರಲಿಲ್ಲ ರೀ. ಶಟರ್ ಒಳಗೇ ಇರ್ತಿದ್ದೆ. ನೀವು ತಟ್ಟಿದಾಗಲೂ ಒಳಗೇ ಇದ್ದೆ."

ಆಮೇಲೆ ಒಂದೊಂದಾಗಿ ಎಲ್ಲ ಹೇಳಿದ. ಕನ್ನಡಿಯ ಚುಕ್ಕೆ, ಗರಗಸ, ನಾಲ್ಕು ಟವೆಲ್ಲು, ಅಪ್ಪನ ಮಾತು, ಕತ್ತಲ ಬೆಂಚು. ಕೊನೆಗೆ ಅವನು, "ಇನ್ನು ನನಗೆ ಯಾರೂ ಕುತ್ತಿಗೆ ಕೊಡಲ್ಲ," ಎಂದ.

"ಕೊಡದೇ ಹೋದ್ರೆ ನನ್ನ ಜೊತೆ ಇಸ್ತ್ರಿ ಮಾಡಿ," ಎಂದಳು ಆಕೆ. "ದಡ್ಡ ಮನುಷ್ಯ. ಅಷ್ಟು ಹತ್ತಿರದಲ್ಲಿ ಬಿದ್ದಿದ್ರಿ, ನಾನು ಊಟ ವಾಪಸ್ ತಗೊಂಡು ಹೋದೆ." ಆಕೆಗೆ ಅಳು ಬಂದಿತ್ತು. ಅತ್ತಳು, ಮುಚ್ಚಿಕೊಳ್ಳಲಿಲ್ಲ.

ನೋವು ಈಗ ಕಣ್ಣಿನ ಹಿಂದಕ್ಕೆ ಇಳಿದಿತ್ತು. ಬಿಸಿಲು ಕಿಟಕಿಯಿಂದ ನೇರ ಮುಖಕ್ಕೆ ಬೀಳುತ್ತಿತ್ತು. ಆಕೆ ಅವನ ಹೆಗಲ ಮೇಲಿನ ಟವೆಲನ್ನು ಎಳೆದುಕೊಂಡು, ಚೀಲದಿಂದ ನೀರಿನ ಬಾಟಲಿ ತೆಗೆದು ನೆನೆಸಿ ಹಿಂಡಿದಳು. "ತಲೆ ಹಿಂದಕ್ಕೆ ಒರಗಿಸಿ. ಬಿಸಿ ಇಲ್ಲ, ತಣ್ಣಗಿದೆ," ಎಂದು ಅವನ ಮುಖದ ಮೇಲೆ ಹಾಸಿದಳು.

ಊರಿನ ಎಷ್ಟೋ ಮುಖಗಳಿಗೆ ಅವನು ಟವೆಲ್ ಹಾಕಿದ್ದ. ಅವನ ಮುಖಕ್ಕೆ ಯಾರೂ ಹಾಕಿರಲಿಲ್ಲ. ಒಳಗೆ ಕತ್ತಲೆ, ತಂಪು, ಆಕೆಯ ಅಂಗಡಿಯ ಸೋಪಿನ ವಾಸನೆ. ಅವನು ಅಲುಗಾಡದೆ ಕುಳಿತ. ಕಂಡಕ್ಟರ್ ಮತ್ತೆ ಬಂದು ನಿಂತ ಸದ್ದು ಕೇಳಿಸಿತು.

"ಏನಮ್ಮಾ, ಇವರಿಗೆ ಮುಂದಿನ ಸ್ಟಾಪಿಗಾ?"

"ಬೇಡ," ಎಂದಳು ಆಕೆ. "ನಂದು ಎಲ್ಲಿಗೋ ಅಲ್ಲಿಗೇ ಕೊಡಿ."